ಕೂಲರಿನಲ್ಲಿ ಬಿಡಾರ ಹೂಡಿರುವ ಬಸವನಹುಳುವಿಗೆ ಗುರುಸಿದ್ದಪ್ಪನ ಬಹಿರಂಗ ತಕರಾರು

ಇವರಿಗೆ,
ಶ್ರೀಯುತ ಹಾಗೂ ಶ್ರೀಮತಿ ಬಸವನಹುಳು ಅವರು (ಇಬ್ಬರೂ ಒಬ್ಬರೇ),
ಹಿಂದಿನ ಬಾಲ್ಕನಿಯ ಕೂಲರ್, ತಳದ ತೊಟ್ಟಿ, ಎಡಮೂಲೆ,
ಎರಡನೆಯ ಮಹಡಿ, ಬಜಾಜ್ ನಗರ, ನಾಗಪುರ.

ಇವರಿಂದ,
ಗುರುಸಿದ್ದಪ್ಪ,
ಅದೇ ಮನೆ, ಬಾಡಿಗೆ ಕಟ್ಟುವವನು.

ಮಾನ್ಯರೇ,

ತಮ್ಮ ಕೊಂಬುಗಳಿಗೂ ಚಿಪ್ಪಿಗೂ ಬೇರೆಬೇರೆಯಾಗಿ ನಮಸ್ಕಾರಗಳು. ಈ ಪತ್ರ ಬರೆಯುತ್ತಿರುವವನು ಯಾರೋ ದಾರಿಹೋಕನೆಂದು ತಾವು ಭಾವಿಸಬಾರದೆಂದು ಮೊದಲಿಗೇ ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ಅಂಬಾಝರಿ ಕೆರೆಯ ಮೀನುಗಳಿಗೆ ಈಜು ಕಲಿಸಿದ ಗುರುಸಿದ್ದಪ್ಪ ನಾನೇ. ಮದ್ದುಗುಂಡಿನ ಕಾರ್ಖಾನೆಯ ನೌಕರಿಗೆಂದು ನಾನು ಸವದತ್ತಿ ತಾಲ್ಲೂಕಿನಿಂದ ಬಂದು ಈ ಊರಿನಲ್ಲಿ ಇಳಿದಾಗ ಆ ಕೆರೆಯ ಮೀನುಗಳು ಪಾಪ ತಳದ ಕೆಸರಿನಲ್ಲಿ ನಡೆದಾಡಿಕೊಂಡಿದ್ದವು. ಒಂದು ಭಾನುವಾರ ದಂಡೆಯ ಮೇಲೆ ಕುಳಿತು ನಾನು ಎರಡೂ ಕೈ ಆಡಿಸಿ ತೋರಿಸಿದ ಮೇಲೆಯೇ ಅವು ಇವತ್ತಿನ ಸ್ಥಿತಿಗೆ ಬಂದದ್ದು. ವಿದ್ಯೆಯ ವಿಷಯ ಹೇಳುವುದಾದರೆ ನಮ್ಮೂರ ಶಾಲೆಯಿಂದ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಇಡೀ ಊರಿಗೆ ಮೊದಲಿಗನಾಗಿ ಪಾಸಾದವನು. ಆ ವರ್ಷ ಪರೀಕ್ಷೆಗೆ ಕುಳಿತವನು ನಾನೊಬ್ಬನೇ ಎಂಬ ಮಾತನ್ನು ನನ್ನ ಹೆಂಡತಿ ಅನಸೂಯ ಆಗಾಗ ಸೇರಿಸುತ್ತಾಳೆ. ಅದು ಇಲ್ಲಿ ಅಪ್ರಸ್ತುತ.

ಸಂಬೋಧನೆಯ ವಿಷಯದಲ್ಲಿ ಸ್ವಲ್ಪ ತೊಡಕಾಯಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ತಮ್ಮನ್ನು ಶ್ರೀಯುತರೆನ್ನಬೇಕೋ ಶ್ರೀಮತಿಯವರೆನ್ನಬೇಕೋ ತಿಳಿಯದೆ, ಇಲ್ಲಿಯ ಸಂಶೋಧನಾಲಯವೊಂದರಲ್ಲಿ ಕೆಲಸ ಮಾಡುವ ನನ್ನ ನಾದಿನಿಯ ಮಗಳು ಹರ್ಷಿತಾಳನ್ನು ಕೇಳಿದೆ. ತಮ್ಮ ಜಾತಿಯವರಲ್ಲಿ ಒಬ್ಬರೇ ಎರಡೂ ಆಗಿರುತ್ತಾರೆಂದು ಅವಳು ಹೇಳಿದಳು. ಒಂದೇ ಚಿಪ್ಪಿನಲ್ಲಿ ಗಂಡಹೆಂಡಿರಿಬ್ಬರೂ ಇದ್ದು, ಒಂದು ದಿನವೂ ಜಗಳದ ಸದ್ದು ಹೊರಗೆ ಕೇಳಿಸದಂತೆ ಸಂಸಾರ ನಡೆಸುತ್ತಿರುವ ತಮ್ಮ ಸಂಯಮಕ್ಕೆ ನಾನು ತಲೆಬಾಗುತ್ತೇನೆ. ನಮ್ಮದು ಎರಡು ಚಿಪ್ಪು, ಆದರೂ ಕೆಳಮನೆಯ ಮಾಲಕರಿಗೆ ಎಲ್ಲ ಕೇಳಿಸುತ್ತದೆ.

ಈ ಪತ್ರಕ್ಕೆ ಕಾರಣ ಇಷ್ಟೇ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರೂ ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಯ ಸಂಪಾದಕರೂ ಆದ ಚಿದಂಬರ ಅವರು, ಗಿಡ ಬೆಳೆಸುವ ಅಕ್ವೇರಿಯಂ ಕುರಿತ ಸಲಹೆಗಳು ಅಂದು ಹೇಗಿದ್ದವು, ಇಂದು ಹೇಗಿವೆ ಎಂಬುದರ ಮೇಲೆ ಮೂರು ಪುಟದ ವಿದ್ವತ್ಪೂರ್ಣ ಲೇಖನ ಬರೆದುಕೊಡಬೇಕೆಂದು ನನ್ನನ್ನು ಕೇಳಿದ್ದಾರೆ. ಕೇಳಿದ್ದು ಸರಿಯಾಗಿಯೇ ಇದೆ. ಅರವತ್ತು ವರ್ಷಗಳ ಸಲಹೆಯನ್ನೆಲ್ಲ ಹನ್ನೊಂದು ತಿಂಗಳಲ್ಲಿ ಒಂದೇ ಗಾಜಿನ ಪೆಟ್ಟಿಗೆಯೊಳಗೆ ಹಾಕಿ ನೋಡಿದ ಇನ್ನೊಬ್ಬ ಮನುಷ್ಯ ಭೂಮಿಯ ಮೇಲಿಲ್ಲ. ಆದರೆ ಲೇಖನಕ್ಕೆಂದು ಕುಳಿತಾಗಲೆಲ್ಲ ಚಿಪ್ಪಿನ ತುದಿ ಮುರಿದು ಬೆಳ್ಳಗಾಗಿರುವ ತಮ್ಮ ಆಕೃತಿ ನನ್ನ ಕಣ್ಣಮುಂದೆ ಬಂದು ನಿಧಾನವಾಗಿ ಎಡದಿಂದ ಬಲಕ್ಕೆ ಹರಿದು ಹೋಗುತ್ತದೆ. ಹೋಗಿ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಆದ್ದರಿಂದ ಲೇಖನದ ಜಾಗದಲ್ಲಿ ಈ ತಕರಾರು.

ತಕರಾರಿನ ಮೂಲ ಒಂದು ಕಿಟಕಿ. ನಮ್ಮ ಮುಂದಿನ ಕೋಣೆಯ ಪೂರ್ವಕ್ಕಿರುವ ಆ ಕಿಟಕಿಯಿಂದಲೇ ಈ ಮನೆಗೆ ಬೆಳಕೆನ್ನುವುದು ಬರುವುದು. ಹದಿನೆಂಟು ವರ್ಷ ಅದರ ಕೆಳಗೆ ಅನಸೂಯಳ ಹೊಲಿಗೆಯಂತ್ರವಿತ್ತು. ಬಜಾಜ್ ನಗರದ ಅರ್ಧ ಹೆಣ್ಣುಮಕ್ಕಳ ಜಂಪರು ಅಲ್ಲಿಂದಲೇ ಹೊಲಿದು ಹೋಗಿವೆ. ಕಳೆದ ದಸರೆಗೆ ನಾನು ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯನ್ನು ಟೆಂಪೋದಲ್ಲಿ ತಂದು, ಯಂತ್ರವನ್ನು ಬಚ್ಚಲಮನೆಯ ಪಕ್ಕದ ಸಂದಿಗೆ ಸರಿಸಿ, ಅಲ್ಲಿ ಒಂದು ಟ್ಯೂಬ್‌ಲೈಟು ಹಾಕಿಕೊಟ್ಟು, ಇದು ಸೂರ್ಯನಿಗಿಂತ ನಂಬಿಕಸ್ಥ, ಮೋಡ ಬಂದರೂ ಉರಿಯುತ್ತದೆ ಎಂದು ಸಮಾಧಾನ ಹೇಳಿದೆ. ಅನಸೂಯ ಹೆಚ್ಚು ಮಾತನಾಡುವವಳಲ್ಲ. ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ ಒಂದು ಷರತ್ತು ಹಾಕಿದಳು. "ಪೋಳಾ ಹಬ್ಬದ ತನಕ ನೋಡತೀನಿ. ಟಾಕಿ ಹಿಂದಿನ ಗಾಜಿಗೆ ಕ್ಯಾಲೆಂಡರ ಹಚ್ಚತೀನಿ. ಈ ಕಡಿಂದ ನಿಂತು ತಾರೀಖು ಓದಾಕ ಬಂತಂದ್ರ ಕಿಡಕಿ ನಿಮ್ಮದು. ಬರಲಿಲ್ಲಂದ್ರ ನನ್ನ ಮಷೀನ ವಾಪಸ್ ಬರತೈತಿ." ಪೋಳಾ ಎಂದರೆ ಶ್ರಾವಣದ ಅಮಾವಾಸ್ಯೆಗೆ ಇಲ್ಲಿಯವರು ಎತ್ತುಗಳನ್ನು ಪೂಜಿಸುವ ಹಬ್ಬ. ಜೊತೆಗೆ, ಇದಕ್ಕೆಲ್ಲ ಎಷ್ಟು ಬಿತ್ತೆಂದು ಕೇಳಿದಳು. ಎಲ್ಲ ಸೇರಿ ಎರಡು ಸಾವಿರದ ಎಂಟುನೂರು ಎಂದೆ. ಅಂದಿನಿಂದ ಇಂದಿನವರೆಗೆ ಅವಳು ಯಾವಾಗ ಕೇಳಿದರೂ ಆ ಮೊತ್ತ ಒಂದು ಪೈಸೆ ಏರಿಲ್ಲ. ನನ್ನ ಮಾತಿನ ಸ್ಥಿರತೆ ಅಂಥದು.

ಮೊದಲು ಬಂದ ಸಲಹೆ ಚಿದಂಬರ ಅವರದು. ಅವರು ನಲವತ್ತು ವರ್ಷದ ಹಿಂದೆಯೇ ರೈಲ್ವೆ ಕ್ವಾರ್ಟರ್ಸಿನಲ್ಲಿ ಮೀನು ಸಾಕಿದ್ದವರು. ಆ ಕಾಲದ ಶಾಸ್ತ್ರದ ಪ್ರಕಾರ ಹರಳುಕಲ್ಲನ್ನು ಅಕ್ಕಿ ತೊಳೆದ ಹಾಗೆ ಏಳು ನೀರಿನಲ್ಲಿ ತೊಳೆಯಬೇಕು, ತಳಕ್ಕೆ ತೂತುಗಳಿರುವ ಪ್ಲಾಸ್ಟಿಕ್ ತಟ್ಟೆ ಹಾಕಬೇಕು, ಅದರ ಅಡಿಯ ನೀರನ್ನು ಗಾಳಿಯ ಪಂಪು ಕೊಳವೆಯಲ್ಲಿ ಮೇಲೆತ್ತುತ್ತಿರಬೇಕು, ಪ್ರತಿ ಭಾನುವಾರ ನೀರನ್ನೆಲ್ಲ ಚೆಲ್ಲಿ ಗಾಜನ್ನು ಉಪ್ಪು ಹಚ್ಚಿ ತಿಕ್ಕಬೇಕು, ಮತ್ತು ಗಿಡ ಎನ್ನುವುದು ಬರೀ ಶೃಂಗಾರ, ಅದಕ್ಕೆ ತಿನ್ನಲು ಏನೂ ಕೊಡಬಾರದು. ಹೀಗೆ ಹೇಳುತ್ತಾ ಅವರು ತಮ್ಮ ಬಾಲ್ಯದ ಗುರು, ಕಾಮಠಿಯ ಮಧ್ವೇಶ ಮಾಸ್ತರರ ಅಜ್ಞಾನವನ್ನು ನೆನೆದು ಹೊಟ್ಟೆ ಹಿಡಿದು ನಕ್ಕರು. ಆ ಮಾಸ್ತರರು ಅರವತ್ತು ವರ್ಷದ ಹಿಂದೆ ಒಂದು ಗಾಜಿನ ಭರಣಿಗೆ ತೋಟದ ಮಣ್ಣು ಹಾಕಿ, ಮೇಲೆ ಮರಳು ಹರವಿ, ಕನ್ಹಾನ ಹೊಳೆಯಿಂದ ಕಿತ್ತು ತಂದ ಬಳ್ಳಿ ನೆಟ್ಟು, ಎರಡು ಮೀನು ಬಿಟ್ಟು ಕಿಟಕಿಯಲ್ಲಿಟ್ಟಿದ್ದರಂತೆ. ನೀರು ಬದಲಿಸಿ ಎಂದರೆ, ಹಳೆಯ ನೀರು ಹಳೆಯ ಸ್ನೇಹಿತನ ಹಾಗೆ, ಸುಮ್ಮನೆ ಇರಲಿ ಬಿಡು ಎನ್ನುತ್ತಿದ್ದರಂತೆ. ಆ ಮೀನುಗಳು ಎಷ್ಟು ವರ್ಷ ಬದುಕಿದ್ದವು ಎಂದು ನಾನು ಕೇಳಿದ್ದಕ್ಕೆ ಚಿದಂಬರ ಅವರು ಇನ್ನೊಂದು ಕಪ್ ಚಹಾ ಕೇಳಿದರು.

ಅವರ ಮಾತಿನಂತೆ ನಾನು ಒಂಬತ್ತು ಭಾನುವಾರ ತೊಟ್ಟಿಯನ್ನು ತಿಕ್ಕಿದೆ. ನೀರು ಗಂಗೋದಕದಂತಾಯಿತು, ಗಿಡಗಳು ಬೆಂದ ಮೆಂತ್ಯದ ಸೊಪ್ಪಿನಂತಾದವು. ಮೀನುಗಳಂತೂ ಭಾನುವಾರ ಬೆಳಗ್ಗೆ ನನ್ನ ಬಕೀಟಿನ ಸದ್ದು ಕೇಳಿದೊಡನೆ ಮೂಲೆಗೆ ಹೋಗಿ ಒಂದರ ಹಿಂದೆ ಒಂದು ಅಡಗುತ್ತಿದ್ದವು.

ಎರಡನೆಯ ಸಲಹೆಗೆಂದು ಸದರ್ ಬಜಾರಿನ ಒಂದು ಗಲ್ಲಿಯಲ್ಲಿ ಮೀನಿನ ಅಂಗಡಿ ಇಟ್ಟುಕೊಂಡಿರುವ ಶಾಮಭಾವು ಅವರ ಬಳಿಗೆ ಹೋದೆ. ಅವರು ಚಿದಂಬರ ಅವರ ಸಲಹೆಯನ್ನು ಕೇಳಿ, "ಕಾಕಾ, ವೋ ತೋ ಪುರಾನಾ ಜಮಾನಾ" ಎಂದು ಕೈ ಮುಗಿದರು. ಹೊಸ ಜಮಾನದಲ್ಲಿ ಗಿಡವೇ ದೇವರು, ಮೀನು ಪೂಜಾರಿ. ಗಿಡಕ್ಕೆ ಬೆಳಕು ಬೇಕು, ಆದ್ದರಿಂದ ತೊಟ್ಟಿಯ ಮೇಲೆ ಆರು ದೀಪ. ಗಿಡಕ್ಕೆ ಸೋಡಾ ಬಾಟಲಿಯಲ್ಲಿರುವಂಥ ಗ್ಯಾಸು ಬೇಕು, ಆದ್ದರಿಂದ ಒಂದು ಸಿಲಿಂಡರು. ಗಿಡಕ್ಕೆ ಹನಿಹನಿಯಾಗಿ ಔಷಧ ಬೇಕು, ಆದ್ದರಿಂದ ಒಂದು ಕಪಾಟು ತುಂಬ ಬಾಟಲಿ. ಆ ಬಾಟಲಿಗಳಲ್ಲಿ ಒಂದು ನೀರಿನಲ್ಲಿರುವ ಫಾಸ್ಫೇಟನ್ನು ತೆಗೆಯುವುದಕ್ಕೆ, ಯಾಕೆಂದರೆ ಪಾಚಿಗೆ ಅದೇ ಕಾರಣವೆಂದು ಮೊದಲು ದೊಡ್ಡವರು ಹೇಳಿದ್ದರು. ಇನ್ನೊಂದು ನೀರಿಗೆ ಫಾಸ್ಫೇಟನ್ನು ಹಾಕುವುದಕ್ಕೆ, ಯಾಕೆಂದರೆ ಅದಿಲ್ಲದಿರುವುದೇ ಪಾಚಿಗೆ ಕಾರಣವೆಂದು ಆಮೇಲೆ ಇನ್ನೂ ದೊಡ್ಡವರು ಹೇಳಿದರು. ತೆಗೆಯುವ ಬಾಟಲಿ ಎಡಕ್ಕೆ, ಹಾಕುವ ಬಾಟಲಿ ಬಲಕ್ಕೆ, ಎರಡಕ್ಕೂ ಬೆಲೆ ಒಂದೇ. ಯಾವುದನ್ನು ಕೊಳ್ಳಲಿ ಎಂದು ಕೇಳಿದೆ. ಶಾಮಭಾವು ನನ್ನ ವಿದ್ಯೆಯನ್ನು ಮುಖದಲ್ಲೇ ಗುರುತಿಸಿ ಎರಡನ್ನೂ ಕಟ್ಟಿಕೊಟ್ಟರು.

ಮಾನ್ಯರೇ, ತಮ್ಮ ಪ್ರವೇಶವಾದದ್ದು ಅಂದೇ. ಶಾಮಭಾವು ಕೊಟ್ಟ ಕೆಂಪು ಗಿಡವೊಂದರ ಎಲೆಯ ಅಡಿಯಲ್ಲಿ, ಟಿಕೆಟ್ಟಿಲ್ಲದೆ ಬರ್ತಿನ ಕೆಳಗೆ ಮಲಗಿದ ಪ್ರಯಾಣಿಕನಂತೆ ತಾವು ಕುಳಿತಿದ್ದಿರಿ. ಬಿಲ್ಲಿನಲ್ಲಿ ತಮ್ಮ ಹೆಸರಿರಲಿಲ್ಲ. ಆ ಬಿಲ್ಲಿನಲ್ಲಿ ಏನಿತ್ತೆಂಬುದನ್ನು ತಾವು ಎಲೆಯ ಅಡಿಯಿಂದ ನೋಡಿರಬಹುದು. ನೋಡಿದ್ದರೂ ಇಷ್ಟು ದಿನ ಬಾಯಿ ಬಿಡದೆ ಇದ್ದುದಕ್ಕೆ ಕೃತಜ್ಞತೆಗಳು.

ತಮ್ಮನ್ನು ಕಂಡೊಡನೆ ಮತ್ತೆ ಸಲಹೆ ಕೇಳಿದೆ. ಚಿದಂಬರ ಅವರ ಕಾಲದಲ್ಲಿ ಬಸವನಹುಳು ಬಂದರೆ ನೀರಿಗೆ ತಾಮ್ರ ಹಾಕು ಎನ್ನುತ್ತಿದ್ದರಂತೆ. ನಾನು ಅಜ್ಜನ ಕಾಲದ ತಾಮ್ರದ ಬಿಲ್ಲೆಗಳನ್ನು ಒಂದು ಮುಷ್ಟಿ ಹಾಕಿದೆ. ಪಾಚಿ ತಿನ್ನಲೆಂದು ಶಾಮಭಾವು ಕೊಟ್ಟಿದ್ದ ಎಂಟು ಸಣ್ಣ ಸೀಗಡಿಗಳು ಸಂಜೆಯೊಳಗೆ ಶಿವನ ಪಾದ ಸೇರಿದವು. ತಾವು ಮಾತ್ರ ನೀರಿನಿಂದ ಮೇಲಕ್ಕೆ ಬಂದು, ಗಾಜಿನ ಮುಚ್ಚಳದ ಅಡಿಗೆ ಅಂಟಿಕೊಂಡು, ಬೇಡಿಕೆ ಈಡೇರುವ ತನಕ ಏಳುವುದಿಲ್ಲವೆಂಬಂತೆ ಎರಡು ದಿನ ಧರಣಿ ಕುಳಿತಿರಿ. ಬಿಲ್ಲೆಗಳನ್ನು ತೆಗೆದು ನೀರು ಬದಲಿಸಿದೆ, ತಾವು ಇಳಿದಿರಿ. ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸಂಘಟನೆಯ ಸದಸ್ಯನಾಗಿದ್ದ ನಾನು ಇಷ್ಟು ಸಲೀಸಾಗಿ ಗೆದ್ದ ಮುಷ್ಕರ ಬೇರೊಂದು ನೋಡಿಲ್ಲ.

ಏಪ್ರಿಲಿನಲ್ಲಿ ಸಿಲಿಂಡರಿನ ಗ್ಯಾಸು ಮುಗಿಯಿತು. ಅದಕ್ಕೂ ಹಿಂದಿನ ಕಾಲದಲ್ಲಿ ಬಡವರು ಬಾಟಲಿಯಲ್ಲಿ ಸಕ್ಕರೆ ನೀರು ಮತ್ತು ಬ್ರೆಡ್ಡಿನ ಹುಳಿಪುಡಿ ಕಲಸಿ ಗ್ಯಾಸು ಮಾಡಿಕೊಳ್ಳುತ್ತಿದ್ದರೆಂಬ ಸಲಹೆ ಸಿಕ್ಕಿತು. ನಾನು ಮಾಡಿದರೆ ದೊಡ್ಡದಾಗಿಯೇ ಮಾಡುವವನು. ಐದು ಲೀಟರಿನ ಕ್ಯಾನಿನಲ್ಲಿ ಕಲಸಿದೆ. ನಾಗಪುರದ ಬಿಸಿಲಿಗೆ ಆ ಹುಳಿ ಯಾವ ಉತ್ಸಾಹದಲ್ಲಿ ಎದ್ದಿತೆಂದರೆ, ಮದ್ದುಗುಂಡಿನ ಕಾರ್ಖಾನೆಯಲ್ಲಿ ನನ್ನ ಇಡೀ ಸೇವಾವಧಿಯಲ್ಲಿ ಕೇಳದ ಸದ್ದನ್ನು ನಾನು ನಿವೃತ್ತನಾದ ಮೇಲೆ ಮನೆಯಲ್ಲಿ ಕೇಳಿದೆ. ಕ್ಯಾನು ಒಡೆದು ಕೋಣೆಯ ತುಂಬ ಹಿಪ್ಪೆ ಹೂವಿನ ದಾರುವಿನ ವಾಸನೆ ಹಬ್ಬಿತು. ಕೆಳಮನೆಯ ಮಾಲಕರು ಮೇಲೆ ಬಂದು, ಮೂಗು ಅರಳಿಸಿ, ಏನೂ ಕೇಳದೆ ಕೆಳಗೆ ಹೋದರು. ಸಂಜೆ ಒಂದು ಖಾಲಿ ಲೋಟ ಹಿಡಿದುಕೊಂಡು ಮತ್ತೆ ಬಂದರು. ಅನಸೂಯಳ ಗಿರಾಕಿಯೊಬ್ಬಳ ಪೈಠಣಿ ರೇಷ್ಮೆಯ ಜಂಪರಿನ ಎಡತೋಳು ಬಲಕ್ಕೆ ಕೂತದ್ದು ಅದೇ ದಿನ. ಟ್ಯೂಬ್‌ಲೈಟಿನ ಮಬ್ಬಿನಿಂದ ಹಾಗಾಯಿತೆಂದು ಅವಳೂ, ಸದ್ದಿಗೆ ಬೆಚ್ಚಿದ್ದರಿಂದ ಹಾಗಾಯಿತೆಂದು ನಾನೂ ಹೇಳಿದೆವು. ಎರಡೂ ನನ್ನ ಖಾತೆಗೇ ಬರುತ್ತವೆಂದು ಆಮೇಲೆ ಹೊಳೆಯಿತು. ಅವಳು ಆ ಜಂಪರನ್ನು ಬಿಚ್ಚಿ ಮತ್ತೆ ಹೊಲಿದಳು, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಇಟ್ಟುಕೊಂಡು.

ಮೂರನೆಯ ಸಲಹೆ ಹರ್ಷಿತಾಳದು. ಅವಳು ಬೆಂಗಳೂರಿನ ಹುಡುಗಿ, ಕನ್ನಡ ಮಾತಾಡುತ್ತಾಳೆ, ಓದೆಂದರೆ ಫೋನು ತೆಗೆಯುತ್ತಾಳೆ. ಆ ಫೋನಿನಲ್ಲಿ ಈಗಿನ ಕಾಲದ ಅತ್ಯಾಧುನಿಕ ಶಾಸ್ತ್ರವನ್ನು ನನಗೆ ತೋರಿಸಿದಳು. ತೊಟ್ಟಿಗೆ ತೋಟದ ಮಣ್ಣು ಹಾಕಬೇಕಂತೆ, ಮೇಲೆ ಮರಳು ಹರವಬೇಕಂತೆ, ಗಿಡ ಒತ್ತಾಗಿ ನೆಡಬೇಕಂತೆ, ಮೀನು ಕಡಿಮೆ ಬಿಡಬೇಕಂತೆ, ಪಂಪು ಬೇಡ, ಗ್ಯಾಸು ಬೇಡ, ನೀರು ಬದಲಿಸುವುದು ಬೇಡ, ಮತ್ತು ಬಸವನಹುಳು ಶತ್ರುವಲ್ಲ, ಮನೆಗೆಲಸಕ್ಕೆ ಸಂಬಳವಿಲ್ಲದೆ ಸಿಕ್ಕ ಆಳು. "ದೊಡ್ಡಪ್ಪ, ನೀವು ಏನೂ ಮಾಡಬಾರದು, ಅದೇ ಇದರ ಗುಟ್ಟು" ಎಂದಳು. ಇದು ಮಧ್ವೇಶ ಮಾಸ್ತರರ ಭರಣಿಯಲ್ಲವೇ ಎಂದು ನನಗೆ ಅನಿಸಿತು. ಆದರೆ ಕಾಮಠಿಯ ಮಾಸ್ತರರು ಹೇಳಿದರೆ ಅಜ್ಞಾನವಾಗಿದ್ದ ಮಾತು ಫೋನಿನಲ್ಲಿ ಬಿಳಿಯನೊಬ್ಬ ಹೇಳಿದರೆ ಸಂಶೋಧನೆಯಾಗುತ್ತದೆ ಎಂಬಷ್ಟು ಲೋಕಜ್ಞಾನ ಮುಲ್ಕಿ ಪಾಸಾದವನಿಗೂ ಇರುತ್ತದೆ.

ಇಲ್ಲಿ, ಮಾನ್ಯರೇ, ನನ್ನ ಸಂಸ್ಕಾರವೇ ನನಗೆ ಮುಳುವಾಯಿತು. ಪರವೂರಿನಲ್ಲಿ ನಮ್ಮವರು ಅಂತ ಇರುವುದೇ ನಾಲ್ಕು ಮನೆ. ಅವರು ಚಹಾ ಕುಡಿದು ಹೇಳಿದ ಬುದ್ಧಿಮಾತನ್ನು ಮಾಡಲಿಲ್ಲವೆಂದರೆ ಮುಂದಿನ ಸಲ ಬಂದಾಗ ಮುಖ ಸಣ್ಣದಾಗುತ್ತದೆ. ಚಿದಂಬರ ಅವರು ಭಾನುವಾರ ಬಂದು ಪಂಪಿನ ಗುಳ್ಳೆ ಏಳುತ್ತಿದೆಯೇ ಎಂದು ನೋಡುವವರು. ಶಾಮಭಾವು ಗುರುವಾರ ಅಂಗಡಿಗೆ ರಜೆ ಮಾಡಿ ಬಂದು ಬಾಟಲಿಗಳನ್ನು ಎತ್ತಿ ಎಷ್ಟು ಖರ್ಚಾಗಿದೆ ಎಂದು ನೋಡುವವರು. ಹರ್ಷಿತಾ ಶನಿವಾರ ಬಂದು ಮಣ್ಣು ಹಾಕಿದಿರಾ ಎಂದು ಕೇಳುವವಳು. ಯಾರ ಮನಸ್ಸನ್ನೂ ನೋಯಿಸಬಾರದೆಂದು ನಾನು ಎಲ್ಲರ ಸಲಹೆಯನ್ನೂ ಒಟ್ಟಿಗೆ ಪಾಲಿಸಿದೆ. ತಳದಲ್ಲಿ ಚಿದಂಬರ ಅವರ ತೂತಿನ ತಟ್ಟೆಯನ್ನು ಹಾಗೆಯೇ ಇಟ್ಟು, ಅದರ ಮೇಲೆ ಹರ್ಷಿತಾಳ ತೋಟದ ಮಣ್ಣು ಸುರಿದು, ಅದರ ಮೇಲೆ ಶಾಮಭಾವು ಅವರ ಎರಡೂ ಬಾಟಲಿ ಬಗ್ಗಿಸಿ, ನೀರು ತುಂಬಿ, ಜೂನ್ ತಿಂಗಳ ಮೂರನೆಯ ಭಾನುವಾರ, ಚಿದಂಬರ ಅವರು ಮೆಟ್ಟಿಲು ಹತ್ತುವ ಸದ್ದು ಕೇಳಿಸಿದೊಡನೆ, ಪಂಪನ್ನು ಚಾಲೂ ಮಾಡಿದೆ.

ತಟ್ಟೆಯ ತೂತುಗಳಿಂದ ಇಳಿದಿದ್ದ ಮಣ್ಣೆಲ್ಲ ಕೊಳವೆ ಹಿಡಿದು ಮೇಲೆದ್ದಿತು. ನಾಗಪುರದಲ್ಲಿ ಅವಲಕ್ಕಿಯ ಮೇಲೆ ಸುರಿಯುವ ತರ್ರಿ ಎಂಬ ಕೆಂಪು ರಸವನ್ನು ತಾವು ನೋಡಿರಲಾರಿರಿ. ನಾಲ್ಕಡಿ ಉದ್ದದ ತರ್ರಿಯೊಳಗೆ ಒಂದು ಕ್ಷಣ ತಮ್ಮ ಕೊಂಬು ಕಂಡಿತು, ಆಮೇಲೆ ಏನೂ ಕಾಣಲಿಲ್ಲ. ಚಿದಂಬರ ಅವರ ಬಿಳಿ ಪೈಜಾಮಕ್ಕೆ ಬಿದ್ದ ಹನಿಗಳು ಇನ್ನೂ ಹೋಗಿಲ್ಲ. ಅವರು ಮಾತ್ರ ಸೋಫಾದ ಮೇಲೆ ಕುಳಿತು, ಗುಳ್ಳೆ ಚೆನ್ನಾಗಿ ಏಳುತ್ತಿದೆ ಎಂದು ಮೆಚ್ಚಿಕೊಂಡರು.

ಆ ಮಣ್ಣು, ಮುರಿದ ಗಿಡ, ಬದುಕಿ ಉಳಿದಿದ್ದ ಮೂರು ಗಪ್ಪಿ ಮೀನು, ತಾವು, ಎಲ್ಲವನ್ನೂ ಬಕೀಟಿನಲ್ಲಿ ಬಾಚಿ ಎಲ್ಲಿ ಸುರಿಯಲಿ ಎಂಬ ಪ್ರಶ್ನೆ ಬಂತು. ಬಚ್ಚಲಿಗೆ ಸುರಿದರೆ ಕೊಳವೆ ಕಟ್ಟುತ್ತದೆ ಎಂದು ಅನಸೂಯ ಬಾಗಿಲಿಗೆ ಅಡ್ಡ ನಿಂತಳು. ಬೀದಿಗೆ ಎಸೆಯೋಣವೆಂದರೆ, ಬಸವನ ಹೆಸರು ಇಟ್ಟುಕೊಂಡ ಜೀವವನ್ನು ಗಟಾರಕ್ಕೆ ಹಾಕಿದರೆ ಈ ಮನೆಯಲ್ಲಿ ಮೂರು ದಿನ ಒಲೆ ಹೊತ್ತುವುದಿಲ್ಲವೆಂದು ಅವಳೇ ಹೇಳಿದಳು. ಮಳೆ ಶುರುವಾಗಿ ಕೂಲರಿನ ಕೆಲಸ ಮುಗಿದಿತ್ತು. ಅದರ ಮೂರು ಕಡೆಯ ಹುಲ್ಲಿನ ಪರದೆಗಳನ್ನು ತೆಗೆದಿಟ್ಟು, ತಳದ ತೊಟ್ಟಿಯ ನೀರು ಖಾಲಿ ಮಾಡುವುದನ್ನು ಪ್ರತಿ ವರ್ಷದಂತೆ ನಾಳೆಗೆ ಮುಂದೂಡಿದ್ದೆ. ಎರಡು ದಿನದ ಮಟ್ಟಿಗೆಂದು ತಮ್ಮನ್ನೆಲ್ಲ ಅದರೊಳಗೆ ಸುರಿದೆ. ಸುರಿದವನು ಮರೆತೆ. ಮರೆಯದೆ ಏನು ಮಾಡಲಿ, ಮುಂದಿನ ಕೋಣೆಯಲ್ಲಿ ಹೊಸ ಹರಳುಕಲ್ಲು, ಹೊಸ ಗಿಡ, ಹೊಸ ಸಿಲಿಂಡರು ಬಂದಿದ್ದವು, ಪೋಳಾಕ್ಕೆ ಎಂಟೇ ವಾರ ಉಳಿದಿತ್ತು.

ಪೋಳಾದ ಬೆಳಗ್ಗೆ ತೊಟ್ಟಿ ಹೇಗಿತ್ತೆಂದರೆ ಅದರೊಳಗಿನ ನೀರನ್ನು ಚಾಕುವಿನಿಂದ ಕತ್ತರಿಸಿ ತಟ್ಟೆಗೆ ಬಡಿಸಬಹುದಿತ್ತು. ಪಾಚಿ ಅಷ್ಟು ಹಸಿರಾಗಿತ್ತು. ಆದರೆ ನಾನು ಎದೆಗುಂದಲಿಲ್ಲ. ತೊಟ್ಟಿ ತಿಳಿಯಾಗದಿದ್ದರೇನು, ತಲೆ ತಿಳಿಯಾಗಿದ್ದರೆ ಸಾಕೆಂದು ಹದಿನೈದು ದಿನ ಮುಂಚಿನಿಂದಲೇ ಕ್ಯಾಲೆಂಡರಿನ ಆ ಪುಟವನ್ನು ಬಾಯಿಪಾಠ ಮಾಡಿಟ್ಟಿದ್ದೆ. ಅನಸೂಯ ಬಂದು, ಓದಿರಿ ಎಂದಳು. ನಾನು ತೊಟ್ಟಿಯ ಮುಂದೆ ಕೈ ಕಟ್ಟಿ ನಿಂತು, ಕಣ್ಣು ಸ್ವಲ್ಪ ಕಿರಿದು ಮಾಡಿ, ಅಮಾವಾಸ್ಯೆ, ಪೋಳಾ, ಸೂರ್ಯೋದಯ ಆರು ಗಂಟೆ ಮೂರು ನಿಮಿಷ, ಅದರ ಹಿಂದಿನ ವಾರ ಸಂಕಷ್ಟಿ, ಮೂಲೆಯಲ್ಲಿ ಅಗರಬತ್ತಿಯ ಜಾಹೀರಾತು, ಅದರ ಕೆಳಗೆ ಅಂಗಡಿಯ ಫೋನ್ ನಂಬರು, ಎಲ್ಲವನ್ನೂ ಗಡಗಡನೆ ಓದಿದೆ. ಫೋನ್ ನಂಬರಿನ ಕೊನೆಯ ಅಂಕಿ ಸ್ವಲ್ಪ ಮಸುಕಾಗಿದೆ ಎಂದೂ ನಂಬಿಕೆಗಾಗಿ ಸೇರಿಸಿದೆ.

ಅನಸೂಯ ಕೊನೆಯ ಅಂಕಿಯವರೆಗೂ ಕೇಳಿಸಿಕೊಂಡಳು. ನಂತರ, "ಕ್ಯಾಲೆಂಡರ ಅಡಗಿಮನ್ಯಾಗ ಐತ್ರಿ. ಹಾಲಿನಾಕಿ ಲೆಕ್ಕ ನೋಡಾಕ ನಿನ್ನೆನ ತಗದಿದ್ದೆ" ಎಂದಳು.

ತೊಟ್ಟಿಯ ಹಿಂದೆ ಬರಿಯ ಕಿಟಕಿಯಿತ್ತು, ಮಾನ್ಯರೇ. ನಾನು ಆಕಾಶವನ್ನು ಓದಿದ್ದೆ.

ಮಧ್ಯಾಹ್ನದೊಳಗೆ ಯಂತ್ರ ಕಿಟಕಿಗೆ ಬಂತು. ನಾನೇ ಹೊತ್ತು ತಂದೆ, ಸೊಂಟ ಹಿಡಿಯಿತೆಂದು ಯಾರೂ ಕೇಳಲಿಲ್ಲ. ಅವಳು ಕುಳಿತು, ಎರಡನೆಯ ಕನ್ನಡಕವನ್ನು ತೆಗೆದು ಡಬ್ಬಿಯಲ್ಲಿಟ್ಟು, ಬರಿಗೈಯಲ್ಲಿ ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸಿದಳು. ಪೋಣಿಸಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಎರಡು ದಿನ ಬಿಟ್ಟು ಸೊಳ್ಳೆಯ ಮರಿ ಹುಡುಕುವ ಮಹಾನಗರಪಾಲಿಕೆಯ ಹೆಣ್ಣುಮಗಳೊಬ್ಬಳು ಬ್ಯಾಟರಿ ಹಿಡಿದುಕೊಂಡು ಬಂದು, ಕೂಲರ್ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದಳು. ಮಳೆಗಾಲದಲ್ಲಿ ಈ ಊರಿನ ಮನೆಮನೆಗೂ ಬರುವ ಇವರನ್ನು ಕಂಡರೆ ಕೂಲರಿನ ನೀರು ಚೆಲ್ಲದವರೆಲ್ಲ ಬೆವರುತ್ತಾರೆ. ನನಗೂ ಆಗ ನೆನಪಾಯಿತು. ಒಳಗೆ ಕೊಳೆತ ಮಣ್ಣು, ಸತ್ತ ಮೀನು, ಕೋಟಿ ಸೊಳ್ಳೆ, ಮೇಲೊಂದು ನೋಟಿಸು ಎಂದು ಮನಸ್ಸು ಗಟ್ಟಿ ಮಾಡಿಕೊಂಡು, ಇದು ಕೆಳಮನೆಯ ಮಾಲಕರ ಕೂಲರ್ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಬಾಗಿ ಬ್ಯಾಟರಿ ಬಿಟ್ಟಿದ್ದಳು. ಬಿಟ್ಟವಳು ಇನ್ನೂ ಕೆಳಗೆ ಬಾಗಿದಳು.

ನಾನೂ ಬಾಗಿದೆ. ನೀರು ಕನ್ನಡಿಯಂತಿತ್ತು. ಸತ್ತವೆಂದು ನಾನು ಸುರಿದಿದ್ದ ಕಡ್ಡಿಗಳು ಮಣ್ಣು ಹಿಡಿದು ಹಸಿರಾಗಿ, ಕೆಂಪಾಗಿ, ನೀರಿನ ಮೇಲೆ ಬಿಳಿಯ ಸಣ್ಣ ಹೂವು ಬಿಟ್ಟಿದ್ದವು. ಮೂರು ಗಪ್ಪಿ ಮೂವತ್ತಾಗಿ, ಒಂದು ಸೊಳ್ಳೆಮರಿಯನ್ನೂ ಉಳಿಸದೆ ಹೊಟ್ಟೆ ಬೆಳೆಸಿಕೊಂಡು ಓಡಾಡುತ್ತಿದ್ದವು. ತಳದ ತಗಡಿಗೆ ಯಾವ ವರ್ಷವೋ ಅಂಟಿಸಿದ್ದ ಕಂಪನಿಯ ಚೀಟಿಯ ಮೇಲಿನ ಎಚ್ಚರಿಕೆ, ಪ್ರತಿ ವಾರ ನೀರು ಬದಲಿಸಿ ಎಂಬುದು, ಮೇಲಿನಿಂದ ಅಕ್ಷರ ಅಕ್ಷರವಾಗಿ ಓದುವುದಕ್ಕೆ ಬರುತ್ತಿತ್ತು. ಆ ಚೀಟಿಯ ಮೇಲೆ, ಪೂರ್ಣವಿರಾಮದಂತೆ, ತಾವು ಕುಳಿತಿದ್ದಿರಿ.

ಆಕೆ ಫೋಟೋ ತೆಗೆದುಕೊಂಡು, ಇಷ್ಟು ಚಂದ ಮಾಡಲು ಯಾರು ಹೇಳಿಕೊಟ್ಟರು ಎಂದು ಕೇಳಿದಳು. ನಾನು ಗಂಟಲು ಸರಿಮಾಡಿಕೊಂಡು ಅಂಬಾಝರಿಯ ವಿಷಯದಿಂದ ಶುರು ಮಾಡಬೇಕೆಂದಿದ್ದೆ. ಅಷ್ಟರಲ್ಲಿ ಹಿಂದೆ ನಿಂತಿದ್ದ ಅನಸೂಯ ಮರಾಠಿಯಲ್ಲಿ ಚುಟುಕಾಗಿ ಹೇಳಿ, ನನಗೆ ಇನ್ನೂ ಚೆನ್ನಾಗಿ ನಾಟಲೆಂದು ಕನ್ನಡದಲ್ಲೂ ಹೇಳಿದಳು: "ಇದಕ್ಕ ಯಾರೂ ಏನೂ ಹೇಳಿಲ್ಲವ್ವಾ. ಅದಕ್ಕ ಇಷ್ಟು ಚಲೋ ಆಗೇತಿ."

ಸುದ್ದಿ ಹರಡಿ ಸಲಹೆಗಾರರೆಲ್ಲ ಬಾಲ್ಕನಿಗೆ ಬಂದರು. ನೀರು ಕಲಕದೆ ಬಿಟ್ಟಿದ್ದಕ್ಕೆ ಹೀಗಾಗಿದೆ, ಇದನ್ನೇ ನಮ್ಮ ಮಧ್ವೇಶ ಮಾಸ್ತರರು ಹೇಳುತ್ತಿದ್ದರು, ನಾನು ಮೊದಲಿನಿಂದಲೂ ಅವರ ಕಡೆಯವನೇ ಎಂದರು ಚಿದಂಬರ ಅವರು. ಬೆಳಕು ಚೆನ್ನಾಗಿ ಬಿದ್ದಿದೆ, ಬೆಳಕೇ ಮುಖ್ಯವೆಂದು ಮೊದಲೇ ಹೇಳಿದ್ದೆ ಎಂದರು ಶಾಮಭಾವು, ಮತ್ತು ಇದಕ್ಕೆ ಒಂದು ಬಾಟಲಿ ಹಾಕಿದರೆ ಇನ್ನೂ ಚೆನ್ನಾಗುತ್ತದೆ ಎಂದರು; ಅನಸೂಯ ಅವರ ಕೈಯಿಂದ ಬಾಟಲಿಯನ್ನು ತೆಗೆದುಕೊಂಡು ತುಳಸಿಗೆ ಹಾಕಿದಳು. ಮಣ್ಣು ನಂದು ಎಂದಳು ಹರ್ಷಿತಾ. ಮೂವರ ಮಾತಿನಲ್ಲೂ ಸತ್ಯವಿತ್ತು, ಮತ್ತು ಆ ಸತ್ಯದಲ್ಲಿ ನನ್ನ ಪಾಲು ಮಾತ್ರ ಇರಲಿಲ್ಲ. ನಾನು ಮಾಡಿದ್ದು ಮರೆಯುವ ಕೆಲಸವೊಂದೇ. ಅದನ್ನಾದರೂ ಬಹಳ ಅಚ್ಚುಕಟ್ಟಾಗಿ ಮಾಡಿದ್ದೇನೆ ಎಂದು ದಯವಿಟ್ಟು ದಾಖಲಿಸಬೇಕು.

ಈಗ ತಮ್ಮ ಮೇಲಿನ ತಕರಾರನ್ನು ನೇರವಾಗಿ ಹೇಳುತ್ತೇನೆ. ತಮ್ಮ ಅಪರಾಧ ಬದುಕಿದ್ದು. ಸೀಗಡಿಗಳ ಜೊತೆ, ಕೆಂಪು ಗಿಡಗಳ ಜೊತೆ, ಒಂಬತ್ತು ಭಾನುವಾರಗಳ ಮೀನುಗಳ ಜೊತೆ ಸದ್ದಿಲ್ಲದೆ ತಾವೂ ತೀರಿಕೊಂಡಿದ್ದರೆ ನಾನು ನಾಗಪುರದ ನೀರನ್ನು ಬೈಯಬಹುದಿತ್ತು, ಬಿಸಿಲನ್ನು ಬೈಯಬಹುದಿತ್ತು, ಶಾಮಭಾವು ಅವರನ್ನಂತೂ ಸಂಘದ ಮೈಕಿನಲ್ಲೇ ಬೈಯಬಹುದಿತ್ತು. ತಾವು ಬದುಕಿ, ದಪ್ಪಗಾಗಿ, ಮೊಟ್ಟೆಯಿಟ್ಟು, ತಪ್ಪು ನೀರಿನದಲ್ಲ, ಬಿಸಿಲಿನದಲ್ಲ, ಬಕೀಟು ಹಿಡಿದವನದು ಎಂದು ಇಡೀ ಬಜಾಜ್ ನಗರಕ್ಕೆ ಮಾತಿಲ್ಲದೆ ಸಾರಿದ್ದೀರಿ.

ಆದ್ದರಿಂದ ತಾವು ಕೃಪೆಯಿಟ್ಟು ಈ ಕೆಳಗಿನವನ್ನು ನಡೆಸಿಕೊಡಬೇಕು. ತಾವು ಈ ಮನೆಗೆ ಬಂದಂದಿನಿಂದ ಏನೇನು ಮಾಡಲಿಲ್ಲ ಎಂಬುದರ ಪೂರ್ಣ ವಿವರವನ್ನು ಸಹಿ ಮತ್ತು ಮುದ್ರೆಯೊಂದಿಗೆ ಬರೆದುಕೊಡಬೇಕು; ಮುಂದಿನ ವರ್ಷ ನಾನು ಅದನ್ನೇ ಸಲಹೆಯೆಂದು ಜನರಿಗೆ ಕೊಡುವವನಿದ್ದೇನೆ. ಕನ್ನಡ ಸಂಘದ ಸಭೆಗೆ ಬಂದು, ಗುರುಸಿದ್ದಪ್ಪನವರು ಇಲ್ಲದಿದ್ದರೆ ನಾನಿಲ್ಲ ಎಂದು ಎರಡು ಮಾತು ಆಡಬೇಕು. ನಿಧಾನವಾಗಿ ಆಡಿದರೂ ಅಡ್ಡಿಯಿಲ್ಲ, ನಮ್ಮಲ್ಲಿ ಎಲ್ಲರೂ ಹಾಗೆಯೇ ಭಾಷಣ ಮಾಡುವುದು. ಮಾರ್ಚ್ ತಿಂಗಳಿಗೆ ಬಿಸಿಲೇರುವ ಮುಂಚೆ ಮಕ್ಕಳುಮರಿ ಸಹಿತ ಕೂಲರನ್ನು ಖಾಲಿ ಮಾಡಬೇಕು, ಯಾಕೆಂದರೆ ಆ ಕೂಲರನ್ನು ಮುಟ್ಟಕೂಡದೆಂದು ಅನಸೂಯ ಅದರ ನೆತ್ತಿಗೆ ವಿಭೂತಿ ಹಚ್ಚಿಬಿಟ್ಟಿದ್ದಾಳೆ, ಮತ್ತು ಈ ಊರಿನ ಮೇ ತಿಂಗಳನ್ನು ಕೂಲರಿಲ್ಲದೆ ಕಳೆಯಲು ನನಗೆ ಚಿಪ್ಪಿಲ್ಲ. ಖಾಲಿ ಮಾಡಲಾಗದಿದ್ದರೆ ಅರ್ಧ ಬಾಡಿಗೆಯನ್ನಾದರೂ ಕೊಡಬೇಕು. ಅದೂ ಆಗದಿದ್ದರೆ ಸಂಜೆ ನಾನು ಸ್ಟೂಲು ಹಾಕಿಕೊಂಡು ಅಲ್ಲಿ ಕುಳಿತಾಗ ಮುಖ ತಿರುಗಿಸದೆ ಇರಬೇಕು. ಈಗೀಗ ಅನಸೂಯ ಕೂಡ ಹೊಲಿಗೆ ಮುಗಿಸಿ ಇನ್ನೊಂದು ಸ್ಟೂಲು ತರುತ್ತಾಳೆ. ನಾವು ಏನೂ ಮಾಡದೆ ನೋಡುತ್ತೇವೆ. ಅದು ನನಗೆ ಕಷ್ಟದ ಕೆಲಸ, ಅಭ್ಯಾಸ ಮಾಡುತ್ತಿದ್ದೇನೆ.

ತಮ್ಮ ವಿಶ್ವಾಸಿ, ತಮ್ಮ ಬಾಡಿಗೆದಾರನೂ ಬಕೀಟಿನಿಂದ ನಿವೃತ್ತನೂ ಆದ,
ಗುರುಸಿದ್ದಪ್ಪ

ಮರೆತ ಮಾತು: ಅನಸೂಯ ಯಾವ ಪತ್ರವನ್ನಾದರೂ ಸಹಿ ಬಂದ ಕೂಡಲೇ ಮಡಚಿಡುವವಳು, ಆದ್ದರಿಂದ ಇದನ್ನು ಸಹಿಯ ಕೆಳಗೆ ಬರೆಯುತ್ತಿದ್ದೇನೆ. ನಾನು ಕೊಂಡು ತಂದದ್ದರಲ್ಲಿ ಒಂದೂ ಉಳಿಯಲಿಲ್ಲ, ಬಿಟ್ಟಿ ಬಂದ ತಾವು ಮಾತ್ರ ಉಳಿದಿರಿ ಎಂದು ತಾವು ಬೀಗುವುದು ಬೇಡ. ಈ ಊರಿನಲ್ಲಿ ತಮಗಿಂತ ದುಬಾರಿ ಬಸವನಹುಳು ಇನ್ನೊಂದಿಲ್ಲ. ಗಾಜಿನ ತೊಟ್ಟಿ, ಆರು ದೀಪ, ಎರಡು ಸಿಲಿಂಡರು, ತೆಗೆಯುವ ಬಾಟಲಿ, ಹಾಕುವ ಬಾಟಲಿ, ಸೀಗಡಿಗಳ ಅಂತ್ಯಕ್ರಿಯೆ, ಮಾಲಕರ ಗೋಡೆಗೆ ಹೊಸ ಬಣ್ಣ, ಎಲ್ಲ ಸೇರಿ ಖರ್ಚಾದದ್ದು ಎರಡು ಸಾವಿರದ ಎಂಟುನೂರಲ್ಲ. ಒಂದು ಜಂಪರಿಗೆ ಮುನ್ನೂರೈವತ್ತರಂತೆ, ಟ್ಯೂಬ್‌ಲೈಟಿನ ಕೆಳಗೆ ಎರಡು ಕನ್ನಡಕ ಹಾಕಿಕೊಂಡು ಹೊಲಿದರೆ, ನೂರಾ ಇಪ್ಪತ್ತೈದು ಜಂಪರು. ಅಂಕಿಯಲ್ಲಿ ಬರೆಯಲು ಕೈ ಬಾರದೆ ಅಕ್ಷರದಲ್ಲಿ ಬರೆಯುತ್ತೇನೆ: ನಲವತ್ತಮೂರು ಸಾವಿರದ ಏಳುನೂರಾ ಐವತ್ತು ರೂಪಾಯಿ.